ಗಾಳಿ ಮಡಚಿಡುವ ಮಾವ

ನನ್ನ ಸೋದರಮಾವನ ಲ್ಯಾಪ್‌ಟಾಪಿನೊಳಗೆ ನಮ್ಮ ಸೀಮೆಯ ಗಾಳಿಯೆಲ್ಲ ಮಡಚಿಟ್ಟಿದೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಯಾವುದನ್ನೂ ಸಲೀಸಾಗಿ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಈಚೆಗೆ ನನ್ನ ನೆನಪನ್ನೂ ನಂಬುವುದಿಲ್ಲ. ಆದ್ದರಿಂದ ಮುಂದಿನದನ್ನು ನೀವೂ ತುಸು ಅನುಮಾನದಿಂದಲೇ ಓದಿ.

ಮಾವ ಸೇಡಂನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ ಅಲ್ಲೇ ನೆಲೆಸಿದವರು. ಅತ್ತೆಗೆ ಉಬ್ಬಸ. ವಾಡಿ, ಶಹಾಬಾದ್ ಕಡೆಯಿಂದ ಪಡುವಣ ಗಾಳಿ ಬೀಸಿದರೆ ಅಲ್ಲಿಯ ಸಿಮೆಂಟ್ ಕಾರ್ಖಾನೆಗಳ ಧೂಳು ಬಂದು ಅವರ ಎದೆ ಕಟ್ಟುತ್ತದೆ. ಕಿಟಕಿ ಮುಚ್ಚಿಕೊಳ್ಳಿ ಎಂದರು ಡಾಕ್ಟರು. ಯಾವಾಗ ಮುಚ್ಚಬೇಕು? ಅದನ್ನು ಹೇಳಲಿಲ್ಲ. ಸರಿ, ಧೂಳು ಎಲ್ಲಿಂದ ಹೊರಟು ಯಾವ ತಿಂಗಳು, ಎಷ್ಟು ಹೊತ್ತಿಗೆ ತಮ್ಮ ಕಿಟಕಿ ತಲುಪುತ್ತದೆಂದು ಲೆಕ್ಕ ಹಾಕಲು ಮಾವ ಕೂತರು. ಅದಕ್ಕೆ ಹಲವು ವರ್ಷಗಳ, ಗಂಟೆಗಂಟೆಯ ಗಾಳಿಯ ಅಂಕಿ ಬೇಕು. ಅಂತರ್ಜಾಲದಿಂದ ಒಂದೊಂದೇ ಊರಿನದು ಇಳಿಸಿಕೊಳ್ಳುತ್ತ ಚಿಂಚೋಳಿಯ ತನಕ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ತುಂಬಿ ನಿಂತಿತು.

ಇನ್ನು ಅಂಕಿಗಳನ್ನು ಹಿಂಡುವುದೊಂದೇ ದಾರಿ. ಮೊದಲು ದಶಾಂಶಗಳು ಹೋದವು. ಆಮೇಲೆ ಹಿಂದಿನ ಗಂಟೆಗಿಂತ ಗಾಳಿ ಎಷ್ಟು ಬದಲಾಯಿತು ಎಂಬುದನ್ನಷ್ಟೇ ಬರೆದಿಟ್ಟರು. ಈ ರೂಢಿ ಬಾಯಿಗೂ ಅಂಟಿತು. ಆರಾಮಾಗಿದ್ದೀರಾ ಎಂದು ಫೋನಿನಲ್ಲಿ ಕೇಳಿದರೆ, "ಬದಲಾವಣಿ ಏನಿಲ್ಲ" ಎಂದು ಇಟ್ಟುಬಿಡುತ್ತಿದ್ದರು. ಚಿತ್ತಾಪುರದ ಬೀಗರು ಸಿಟ್ಟಾಗಿ ಒಂದು ವರ್ಷ ಈ ಕಡೆ ತಲೆಹಾಕಲಿಲ್ಲ. ಮಾವ ಅದನ್ನೂ ಬದಲಾವಣೆ ಎಂದು ಎಣಿಸಲಿಲ್ಲ!

ಅಷ್ಟಾದರೂ ಜಾಗ ಸಾಲದೆ ದಿನಕ್ಕೊಂದು ಸರಾಸರಿ ತೆಗೆದು ಪಟ್ಟಿ ಮಾಡಿದರು. ಮುಂಜಾನೆ ನಮ್ಮ ತಾಲೂಕಿನದೇ ಆದ ಮುಧೋಳದ ಕಡೆಯಿಂದ ಮೂಡಣ ಗಾಳಿ; ಮಧ್ಯಾಹ್ನ ಚಿತ್ತಾಪುರದ ಕಡೆಯಿಂದ ಅಷ್ಟೇ ಜೋರಿನ ಪಡುವಣ ಗಾಳಿ. ಎರಡನ್ನೂ ಕೂಡಿಸಿ ಭಾಗಿಸಿದರೆ? ಸೊನ್ನೆ. ಎಲೆಯೂ ಅಲುಗದ ದಿನ!

ಆ ಪಟ್ಟಿ ನಂಬಿ ಮಾವ ಕಿಟಕಿ ತೆರೆಸಿದರು. ಅತ್ತೆ ಮಾಳಿಗೆ ಮೇಲೆ ಹಪ್ಪಳ ಹಾಕಿದರು. ಮಧ್ಯಾಹ್ನ ಹಪ್ಪಳಗಳೆಲ್ಲ ಮೂಡಣ ದಿಕ್ಕಿನ ಓಣಿಗೆ ಹಾರಿದವು. (ನನಗೆ ಹಪ್ಪಳವೆಂದೇ ನೆನಪು. ಅತ್ತೆ ಸಂಡಿಗೆ ಎನ್ನುತ್ತಾರೆ. ಸಂಡಿಗೆ ಅಷ್ಟು ದೂರ ಹಾರುವುದಿಲ್ಲವೆಂದು ಮಾವ ಲೆಕ್ಕ ಮಾಡಿ ತೋರಿಸಿದ್ದಾರೆ.) ಮಾವ ಅಳತೆಯ ಟೇಪು ಹಿಡಿದು ಮನೆಮನೆಗೆ ಹೋಗಿ, ಯಾವ ಹಪ್ಪಳ ಎಷ್ಟು ದೂರದಲ್ಲಿ ಬಿದ್ದಿದೆ ಎಂದು ಬರೆದುಕೊಂಡರು. ಆಗಲೇ ಕರಿದು ತಿಂದವರಿಂದಲೂ ಬಿದ್ದ ಜಾಗ ಕೇಳಿ ತಿಳಿದುಕೊಂಡರು. ಗಾಳಿ ಏನನ್ನು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಸಿಕ್ಕಿರಲೇ ಇಲ್ಲವಂತೆ.

ಮನೆಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದರು.

"ರೀ, ನಿಮ್ಮ ಸೊನ್ನಿ..." ಎಂದು ನಿಂತು, ಉಸಿರು ತೆಗೆದುಕೊಂಡು, "ಭಾಳ ಜೋರ್ ಬೀಸ್ತದ ನೋಡ್ರಿ" ಎಂದರು.

ಮಾವ ಟೇಪನ್ನು ಕೆಳಗಿಟ್ಟು ಕಿಟಕಿ ಮುಚ್ಚಿದರು.

ಮೊನ್ನೆ ನಾನು ಆ ಲ್ಯಾಪ್‌ಟಾಪ್ ತೆರೆದು ನೋಡಿದೆ. ಚಿಂಚೋಳಿ, ವಾಡಿ, ಶಹಾಬಾದ್ ಎಲ್ಲ ಹಿಂಡಿ ಹಿಪ್ಪೆಯಾಗಿದ್ದವು. ಸೀಮೆಯನ್ನು ಚೌಕಚೌಕವಾಗಿ ಹಂಚಿದ್ದ ನಕ್ಷೆಯ ಒಂದೇ ಒಂದು ಚೌಕದಲ್ಲಿ ಮಾತ್ರ ಪ್ರತಿ ಗಂಟೆಯ ಗಾಳಿಯೂ ದಶಾಂಶ ಸಮೇತ ಹಾಗೇ ಇತ್ತು. ಅದು ಇವರ ಮನೆ ಇರುವ ಚೌಕ. ಧೂಳು ಹೊರಡುವ ಕಡೆಯ ಅಂಕಿ ಒರಟಾಗಿರುವಾಗ ಇಲ್ಲಿಯದೊಂದು ನಯವಾಗಿದ್ದರೆ ಲೆಕ್ಕ ಸರಿ ಬರುತ್ತದೆಯೇ? ಕೇಳಿಯೇಬಿಟ್ಟೆ.

"ಬರಂಗಿಲ್ಲ, ಗೊತ್ತದ ತಮ್ಮಾ," ಎಂದರು ಮಾವ, ಪರದೆ ನೋಡುತ್ತಲೇ. "ಆದ್ರ ಆ ಚೌಕದಾಗ ನಿಮ್ಮತ್ತಿ ಉಸರಾಡ್ತಾಳ. ಅದನ್ನ ಹ್ಯಾಂಗ್ ಹಿಂಡ್ಲಿ?"

ಅಷ್ಟರಲ್ಲಿ ಅತ್ತೆ ಮಾಳಿಗೆಯಿಂದ ಹಪ್ಪಳ ಹಾಕಲೇ ಎಂದು ಕೂಗಿ ಕೇಳಿದರು. ಮಾವ ಪಟ್ಟಿ ನೋಡಲಿಲ್ಲ. ಮೇಲೆ ಹೋಗಿ, ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, ಹಾಕು ಎಂದು ಹೇಳಿ, ಪಡುವಣಕ್ಕೆ ಮುಖ ಮಾಡಿ ನಿಂತರು. ಹಪ್ಪಳ ಒಣಗಿ, ಅತ್ತೆ ಕೊನೆಯದನ್ನೂ ತೆಗೆದುಕೊಂಡು ಕೆಳಗಿಳಿಯುವ ತನಕ ಅಲ್ಲಿಂದ ಕದಲಲಿಲ್ಲ.

ಇದೊಂದು ಮಾತ್ರ ನನಗೆ ಸರಿಯಾಗಿ ನೆನಪಿದೆ.