ನಮ್ಮ ಹೀರೋಯಿನ್ ಕಲಿಸಿದ ಮುನಿಸು

ಆಕಿ ಟೀವ್ಯಾಗ ಬಂದ್ಲಂದ್ರ ನಮ್ಮನ್ಯಾಗ ಏನಾರ ಒಂದು ಆಗೇ ಆಗ್ತೈತಿ. ಆಕಿ ಅಂದ್ರ, ನಾನು ಲಂಗಾ-ದಾವಣಿ ಉಡೋ ವಯಸ್ಸಿನ್ಯಾಗ ಎಮ್ಮಿಗನೂರಿನ ಟಾಕೀಸಿನ್ಯಾಗ ಅಕ್ಕನ ಕೂಡ ನೋಡಿದ ತೆಲುಗು ಸಿನಿಮಾದ ಹೀರೋಯಿನ್. ನಗಿಸ್ತಾಳ, ಮುನಿಸ್ಕೊಂತಾಳ, ಹೀರೋ ಬಂದು ರಮಿಸ್ತಾನ. ಈಗ ನನಗ ಅರವತ್ತು ದಾಟ್ಯಾವ, ಆದ್ರೂ ಆಕಿ ಅಂದ್ರ ಜೀವ. ಆಕಿ ಹಾಡು ಮುಗಿಯೋದ್ರಾಗ ಒಲಿ ಮ್ಯಾಲಿನ ಬ್ಯಾಳಿ ಸೀದಿರ್ತೈತಿ. ಆದೋನಿ ಯಾರ್ಡಿನ್ಯಾಗ ಹತ್ತಿ ವ್ಯಾಪಾರ ಮಾಡೋ ನಮ್ಮನಿಯವರು ಊಟಕ್ಕ ಕುಂತು, "ಇವತ್ತು ಆಕಿ ಬಂದಿದ್ಲೇನು?" ಅಂತಾರ.

ಬಾಗಲಾ

ಸಿನಿಮಾದಾಗ ಆಕಿ ಮುನಿಸ್ಕೊಂಡು ಬಾಗಲಾ ಹಾಕ್ಕೊಂತಾಳ. ಹೀರೋ ಕಿಟಕಿ ಕೆಳಗ ನಿಂತು ಹಾಡ್ತಾನ. ಒಂದಿನ ನನಗೂ ಇವರಿಗೂ ಮಾತಿಗೆ ಮಾತು ಬೆಳೀತು. ನಾನೂ ರೂಮಿಗೆ ಹೋಗಿ ಚಿಲಕ ಹಾಕ್ಕೊಂಡೆ. ಹೊರಗ ಸಪ್ಪಳಿಲ್ಲ. ಹಾಡಾಕ ಗಂಟಲಾ ಸರಿ ಮಾಡ್ಕೊಳ್ಳಾಕತ್ತಾರೇನೋ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಟಕ್ ಟಕ್ ಅಂತು, ಬಾಗಲಾನೇ ಕಳಚಿ ಬಂತು! ಮುಂದ ಬಡಿಗ್ಯಾ, ಹಿಂದ ಇವರು. "ಹೆದರಬ್ಯಾಡ ಬಿಡು, ಚಿಲಕ ಕಚ್ಕೊಂಡಿತ್ತು" ಅಂದ್ರು.

ಅತ್ತಿ

ಈಗ ಆಕಿ ಸೀರಿಯಲ್ಲಿನ್ಯಾಗ ಅತ್ತಿ. ಕೂದಲಾ ಬೆಳ್ಳಗಾಗ್ಯಾವ, ನಗಿ ಮಾತ್ರ ಅದೇ. ನೋಡಿ ನನ್ನ ಕಣ್ಣು ತುಂಬಿ ಬಂದ್ವು. "ಅಳಬ್ಯಾಡ್ರಿ ಅತ್ತಿ, ನಿಮ್ಮ ಹೀರೋಯಿನ್ನೇ ತನ್ನ ಸೊಸಿ ಹಾಲಿನ್ಯಾಗ ವಿಷ ಹಾಕಾಕತ್ತಾಳ" ಅಂದ್ಲು ನನ್ನ ಸೊಸಿ.

"ಆ ಸೊಸಿ ಏನು ಮಾಡಿದ್ಲೋ, ಮೊದಲು ಅದನ್ನ ಕೇಳು" ಅಂದೆ.

ಅವತ್ತಿಂದ ನನ್ನ ಸೊಸಿ ತನ್ನ ಹಾಲು ತಾನೇ ಕಾಸ್ಕೊಂತಾಳ.

ಬಸ್‌ಸ್ಟ್ಯಾಂಡು

ಮೊನ್ನೆ ಆ ಹಳೇ ಸಿನಿಮಾನ ಎಮ್ಮಿಗನೂರಿನ್ಯಾಗ ಮತ್ತ ಹಾಕಿದ್ರು, ಒಂದೇ ಆಟ. ಲಗ್ನ ಆದಾಗಿಂದ ನನಗೊಂದು ಆಸೆ, ಅದನ್ನ ಇವರ ಬಾಜೂಕ ಕುಂತು ನೋಡಬೇಕಂತ. ಬಾಯಿಬಿಟ್ಟು ಕೇಳಿದೆ. "ಹತ್ತಿ ಸೀಜನ್ನಿನ್ಯಾಗ ಸಿನಿಮಾನಾ? ಬಿಡು ಬಿಡು" ಅಂತ ಯಾರ್ಡಿಗೆ ಹೋಗೇಬಿಟ್ರು. ನನಗ ಭಾಳ ಕೆಟ್ಟನಿಸ್ತು. ಸೊಸಿಗೆ ಹೇಳಿ ಒಬ್ಬಾಕೀನೇ ಬಸ್‌ಸ್ಟ್ಯಾಂಡಿಗೆ ಬಂದೆ.

ಸಿನಿಮಾದ ಕಡೀಕ ಆಕಿ ಊರು ಬಿಟ್ಟು ಹೊಂಟಾಗ ಹೀರೋ ಓಡಿ ಬಂದು ರೈಲು ನಿಲ್ಲಿಸ್ತಾನ. ನಾನೂ ದಾರಿ ನೋಡ್ಕೋತ ನಿಂತೆ. ಎಮ್ಮಿಗನೂರು ಬಸ್ಸು ಬಂತು, ಜನ ಮುಗಿಬಿದ್ರು. ಅಷ್ಟರಾಗ ನೋಡ್ತೀನಿ, ಇವರು! ಸೊಸಿ ಫೋನ್ ಹಚ್ಚಿದ್ಲಂತ. ಅಂಗಿ ತುಂಬ ಹತ್ತಿ, ಏದುಸಿರು ಬಿಡ್ಕೋತ ಓಡಿ ಬರಾಕತ್ತಾರ. ನಾನು ಸೆರಗು ಸರಿ ಮಾಡ್ಕೊಂಡು ನಿಂತೆ.

ನನ್ನ ಕಡೆ ತಿರುಗಿನೂ ನೋಡ್ಲಿಲ್ಲ. ಸೀದಾ ಬಸ್ಸಿನ ಬಾಜೂಕ ಹೋಗಿ, ಹೆಗಲ ಮ್ಯಾಲಿನ ಟವಲ್ಲು ಕಿಟಕ್ಯಾಗ ಒಗದು ಸೀಟು ಹಿಡಿದ್ರು!

ಸಿಟ್ಟು ನೆತ್ತಿಗೇರ್ತು. "ಹೀರೋ ರೈಲು ನಿಲ್ಲಿಸಿದ್ರ, ನೀವು ಸೀಟು ಹಿಡಿದು ಕಳಸಾಕತ್ತೀರೇನ್ರಿ?" ಅಂದೆ.

"ಎಕ್ಕಂಡಮ್ಮಾ, ಎಕ್ಕಂಡಿ" ಅಂತ ಕಂಡಕ್ಟರ್ ತೆಲುಗಿನ್ಯಾಗ ಹತ್ತಾಕ ಒದರಿದ. ಧುಮುಧುಮು ಅನ್ಕೋತ ಹತ್ತಿದೆ. ಒಂದು ಸೀಟಿನ ಮ್ಯಾಲೆ ಟವಲ್ಲು. ಬಾಜೂ ಸೀಟಿನ ಮ್ಯಾಲೆ ಇವರ ಒಂದು ಚಪ್ಪಲಿ.

"ಈ ಸೀಟು ಯಾರಿಗ್ರಿ?"

ಒಂದು ಕಾಲಿನ್ಯಾಗ ಚಪ್ಪಲಿ ಇಲ್ದ ಹತ್ತಿ ಬಂದು ನನ್ನ ಬಾಜೂಕ ಕುಂತ್ರು. "ನನಗ. ನಿನ್ನ ಹೀರೋ ರೈಲು ನಿಲ್ಲಿಸಿ ಆಕಿನ್ನ ಮನಿಗೆ ಕರಕೊಂಡು ಹೋಗ್ತಾನ. ನಾನು ಬಸ್ಸು ನಿಲ್ಲಿಸಿದ್ರ ಸಿನಿಮಾ ಯಾರು ನೋಡ್ತಾರ?"