ಮಾವನ ಅಯೋಡಿನ್ ಬಾಟಲಿ

ನನ್ನ ಸೋದರಮಾವನನ್ನು ಊಟಕ್ಕೆ ಕರೆಯುವ ಧೈರ್ಯ ನಿಮಗಿದೆಯೇ? ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಆತ ನಿಮ್ಮ ಮನೆಯ ಅನ್ನ ಉಣ್ಣಲು ಬರುವುದಿಲ್ಲ, ತಪಾಸಣೆಗೆ ಬರುತ್ತಾನೆ!

ಮಾವ ನಿವೃತ್ತ ವಿಜ್ಞಾನ ಮೇಷ್ಟ್ರು. ಅತ್ತೆಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು 'ಅನ್ನ ಬಿಡಿ, ರೊಟ್ಟಿ ತಿನ್ನಿ' ಎಂದರು. ಹುಟ್ಟಿದಾಗಿನಿಂದ ಅನ್ನವನ್ನೇ ಉಂಡ ಅತ್ತೆ ಸುಮ್ಮನೆ ತಲೆಯಾಡಿಸಿದಳು. ಮಾವ ಒಪ್ಪಬೇಕಲ್ಲ! 'ಎಲ್ಲಾ ಅಕ್ಕಿನೂ ಒಂದೇಯನಾ? ಇವಳಿಗೆ ಹೊಂದೋ ಅಕ್ಕಿ ಎಲ್ಲೋ ಒಂದ್ಕಡೆ ಇದ್ದು' ಎಂದು ಸ್ಕೂಟರ್ ಹತ್ತಿದ. ಅಂದಿನಿಂದ ಅವನ ಕಾಲು ಇಸಳೂರಿನ ಮನೆಯಲ್ಲಿ ನಿಂತಿದ್ದೇ ಇಲ್ಲ.

ಅವನ ಪಾಠ ಇಷ್ಟೇ. ಪಿಷ್ಟದಲ್ಲಿ ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರು, ನಿಧಾನಕ್ಕೆ ಕರಗುತ್ತದೆ. ಕಡಿಮೆಯಿದ್ದರೆ ಅಂಟಂಟು, ಬೇಗ ಸಕ್ಕರೆಯಾಗಿ ರಕ್ತಕ್ಕೆ ಓಡುತ್ತದೆ. ಅಮೈಲೋಸ್ ಹೆಚ್ಚಿದ್ದಷ್ಟೂ ಅಯೋಡಿನ್ ಹನಿಗೆ ಅನ್ನ ಕಡುನೀಲಿಯಾಗುತ್ತದೆ. ಕೆಂಪಕ್ಕಿಯ ತೌಡಿನಲ್ಲಿ ನಾರುಂಟು, ಕಬ್ಬಿಣವುಂಟು. ಪಾಲಿಶ್ ಮಾಡಿದಿರೋ, ಅದೆಲ್ಲ ದನದ ಬಾಯಿಗೆ! 'ನಮಗಿಂತ ಆಕಳೇ ಚೊಲೋ ಉಣ್ತು' ಎಂದು ಅವನ ಹೊಟ್ಟೆಕಿಚ್ಚು.

ಶಿರಸಿಯ ಅಕ್ಕಿ ಅಂಗಡಿಯ ಸಾಹೇಬರನ್ನು ಒಮ್ಮೆ ಕೇಳಿದ: 'ಇದರಲ್ಲಿ ಅಮೈಲೋಸ್ ಎಷ್ಟಿದೆ?'

ಸಾಹೇಬರು ಎದೆ ಮುಟ್ಟಿಕೊಂಡರು. 'ಸರ್, ನಮ್ಮಂಗಡೀಲಿ ಅಂಥದ್ದೆಲ್ಲ ಬೆರಸೂದಿಲ್ಲ! ಬೇಕಾದ್ರೆ ನಿಮ್ಮ ಕಣ್ಮುಂದೇ ಕೇರಿ ಕೊಡ್ತೀನಿ!'

ಉಮ್ಮಚಗಿಯ ಉಪನಯನದಲ್ಲಂತೂ ಮಾನ ಹೋಗುವುದೊಂದು ಬಾಕಿ. ಬಾಳೆಲೆಯ ಮೇಲೆ ಬಿಸಿಯನ್ನ ಬಿತ್ತು. ಬಿಸಿಯಲ್ಲಿ ಬಣ್ಣ ನಿಲ್ಲದೆಂದು ಅದು ಆರುವವರೆಗೆ ಚಡಪಡಿಸಿದ ಮಾವ, ಜೇಬಿನಿಂದ ಅಯೋಡಿನ್ ಬಾಟಲಿ ತೆಗೆದು ಎರಡು ಹನಿ ಬಿಟ್ಟ. ಅನ್ನ ಶಾಯಿ ಚೆಲ್ಲಿದಂತೆ ನೀಲಿಗಪ್ಪು! ಪಕ್ಕದ ಎಲೆಯವರು ಹೌಹಾರಿ ಎದ್ದರು. ಇಡೀ ಪಂಕ್ತಿಯ ಕೈಗಳು ಬಾಯಿಯ ಹತ್ತಿರವೇ ನಿಂತವು.

'ಗಾಬರಿ ಆಗಡಿ, ಇದು ಬರೀ ಪಿಷ್ಟ!' ಎಂದ ಮಾವ.

'ಅದು ಯಾವ ನಮೂನೆ ವಿಷ ಮಾರಾಯ್ರೇ?' ಎಂದು ಅಡುಗೆಯವ ಸೌಟು ಹಿಡಿದೇ ಓಡಿಬಂದ.

ಕೊನೆಗೂ ನಿಲ್ಕುಂದದ ರೈತರೊಬ್ಬರ ಮನೆಯಲ್ಲಿ ಹಳೇ ತಳಿಯ ಕೆಂಪಕ್ಕಿ ಸಿಕ್ಕಿತು. ಮನೆಗೆ ತಂದು ಬೇಯಿಸಿ, ಹಿಡಿಯಷ್ಟು ಅನ್ನ ಅತ್ತೆಗೆ ಬಡಿಸಿ, ತಾನು ಉಣ್ಣದೆ ಎರಡು ತಾಸು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. ಅಂದು ಅಲ್ಲೇ ಇದ್ದ ನನಗೇ ತಲೆ ಸುತ್ತಿತು! ಆಮೇಲೆ ಅತ್ತೆಯ ಬೆರಳು ಚುಚ್ಚಿ ನೋಡಿದರೆ, ಬಿಳಿ ಅನ್ನ ಉಂಡ ದಿನಕ್ಕಿಂತ ಸಕ್ಕರೆ ಕಡಿಮೆ.

'ನೋಡ್ದ್ಯಾ ಕೂಸೇ!' ಎಂದು ನನ್ನತ್ತ ಕುಣಿದ. 'ಯಲ್ಲಾಪುರದ ಬದಿಗೆ ಇನ್ನೂ ಎರಡು ಜಾತಿ ಇದ್ದಡ. ಈಗ್ಲೇ ಹೊಂಟೆ!' ಕೀಲಿ ಆಗಲೇ ಕೈಯಲ್ಲಿತ್ತು.

'ಹೋಗಡಿ' ಎಂದು ಅತ್ತೆ ತಡೆದಳು. 'ಆನು ಅನ್ನ ಇಲ್ದೇ ಇರ್ತೆ. ದಿನಾ ಒಬ್ಬಳೇ ಉಂಬ್ಲೆ ಆಗ್ತಿಲ್ಲೆ.'

ಮಾವ ಬಾಗಿಲಲ್ಲೇ ನಿಂತ. ನನಗೆ ನಾಚಿಕೆಯಾಯಿತು. ಇವನ ಅಕ್ಕಿಯ ಕತೆಗೆ ಊರೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಅತ್ತೆ ಯಾರ ಜೊತೆ ಉಣ್ಣುತ್ತಾಳೆಂದು ಒಬ್ಬರೂ ಕೇಳಿರಲಿಲ್ಲ.

ಮಾವ ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಬಂದು ಕುಳಿತ. 'ಯಂಗೂ ಒಂಚೂರು ಅನ್ನ ಬಡಿಸು' ಎಂದ ಮೆಲ್ಲಗೆ.

ಅತ್ತೆಯ ಊಟ ಆಗಲೇ ಮುಗಿದಿತ್ತು. ಆದರೂ ಅವನಿಗೆ ಬಡಿಸಿ, ತನ್ನ ತಟ್ಟೆಯನ್ನೂ ತಂದು ಪಕ್ಕದಲ್ಲಿಟ್ಟುಕೊಂಡು, ಅರ್ಧ ರೊಟ್ಟಿ ಹಾಕಿಕೊಂಡಳು.