ಗೂಡಿನ ಅಳತೆಗೊಂದು ಟಿವಿ

ಎಲ್ಲಕ್ಕೂ ಮೂಲ ಒಂದು ಕೆಮ್ಮು. ಅದೂ ದೊಡ್ಡ ಕೆಮ್ಮೇನಲ್ಲ. ಟೈಲರನ ಹೆಂಡತಿ ಅಂಗೈ ಅಡ್ಡ ಹಿಡಿದು, ಅರ್ಧ ಗಂಟಲಲ್ಲೇ ನುಂಗಿ, ಉಳಿದರ್ಧವನ್ನು ಮಾತ್ರ ಹೊರಗೆ ಬಿಟ್ಟಿದ್ದಳು. ಆದರೆ ಬಿಟ್ಟದ್ದು ಪಕ್ಕದ ಮನೆಯ ಟಿವಿಯ ಮುಂದೆ, ಧಾರಾವಾಹಿಯಲ್ಲಿ ಕಳೆದುಹೋಗಿದ್ದ ಮಗಳು ಅಪ್ಪನ ಗುರುತು ಹಿಡಿಯುವ ಗಳಿಗೆಯಲ್ಲಿ.

“ಕೆಮ್ಮೋದಾದ್ರೆ ಸ್ವಲ್ಪ ಹೊರಗೆ ಹೋಗಿ ಕೆಮ್ಮಮ್ಮಾ,” ಎಂದರು ಆ ಮನೆಯ ಯಜಮಾನರು, ಪರದೆಯಿಂದ ಕಣ್ಣು ಕದಲಿಸದೆ.

ಅವಳು ಎದ್ದು ಹೋದಳು. ಮತ್ತೆ ಒಳಗೆ ಬರಲಿಲ್ಲ. ಧಾರಾವಾಹಿ ಮುಗಿದ ಮೇಲೆ ಟೈಲರ್ ಮನೆಗೆ ಬಂದು ನೋಡಿದರೆ, ಮಡಚಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತ ಕೂತಿದ್ದಳು.

“ಮಗಳಿಗೆ ಅಪ್ಪ ಸಿಕ್ಕಿದ್ನೇನ್ರೀ?” ಎಂದಷ್ಟೇ ಕೇಳಿದಳು.

ಟೈಲರ್ ಅವಳ ಕೈಯಿಂದ ಬಟ್ಟೆ ತೆಗೆದು ಪಕ್ಕಕ್ಕಿಟ್ಟ. “ನಾಳೆ ಸಂಜೆ ಏಳೂವರೆಗೆ ಮುಂದಿನ ಕತೆ ನೀನು ನಮ್ಮನೇಲೇ ನೋಡ್ತೀಯ,” ಎಂದ. “ಬೇಕಾದಷ್ಟು ಕೆಮ್ಕೊಂಡು.”

ಪಕ್ಕದ ಮನೆಯವರು ನಿವೃತ್ತ ಗುಮಾಸ್ತರು. ಓಣಿಯವರು ಬೆನ್ನ ಹಿಂದೆ ಕರೆಯುತ್ತಿದ್ದದ್ದು ರಿಮೋಟಪ್ಪ ಎಂದು. ಕಚೇರಿಯಲ್ಲಿ ಮೂವತ್ತು ವರ್ಷ ಸೀಲು ಹಿಡಿದ ಕೈ ಈಗ ರಿಮೋಟು ಹಿಡಿದಿತ್ತು. ಎರಡನ್ನೂ ಅವರು ಇನ್ನೊಬ್ಬರ ಕೈಗೆ ಕೊಟ್ಟ ದಾಖಲೆಯಿಲ್ಲ. ಹನ್ನೊಂದು ವರ್ಷದಿಂದ ಟೈಲರ್ ದಂಪತಿ ಅವರ ಹಾಲ್‌ನಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಟಿವಿ ನೋಡುತ್ತಿದ್ದರು. ಹನ್ನೊಂದು ವರ್ಷದಿಂದ ರಿಮೋಟಪ್ಪನವರ ಪ್ಯಾಂಟುಗಳು, ಅವರ ಸೊಂಟ ಬೆಳೆದಂತೆಲ್ಲ, ಬಿಟ್ಟಿಯಾಗಿ ಬಿಚ್ಚಿ ಹೊಲಿಸಿಕೊಳ್ಳುತ್ತಿದ್ದವು. ಯಾರೂ ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ. ಹಾಗೆ ನಡೆದುಕೊಂಡು ಬಂದಿತ್ತು.

ಬೆಳಗ್ಗೆ ಎದ್ದವನೇ ಟೈಲರ್ ಹೊಸ ಇಸ್ತ್ರಿ ಪೆಟ್ಟಿಗೆಗೆಂದು ಕೂಡಿಟ್ಟ ದುಡ್ಡನ್ನು ಡಬ್ಬಿಯಿಂದ ತೆಗೆದ. ಹಳೆಯ ಇಸ್ತ್ರಿಪೆಟ್ಟಿಗೆಗೆ ಕಾವಿನ ಮೇಲೆ ಹಿಡಿತವಿರಲಿಲ್ಲ. ಹಿಂದಿನ ವರ್ಷ ಅದು ಅವನ ಅಳತೆ ಟೇಪಿನ ತುದಿಯನ್ನೇ ಸುಟ್ಟಿತ್ತು. ಸುಟ್ಟ ಎರಡು ಇಂಚನ್ನು ಅವನು ನೀಟಾಗಿ ಕತ್ತರಿಸಿ ಹಾಕಿ, ಆ ಟೇಪನ್ನು ಮನೆಯ ಮಿಷಿನ್ನಿಗೆ ನೇತುಹಾಕಿದ್ದ. ಅಂಗಡಿಗೆ ಹೊಸದೊಂದು ಕೊಂಡಿದ್ದ. ಮನೆಯ ಟೇಪಿನಲ್ಲಿ ಅಳೆದಾಗಲೆಲ್ಲ ಮನಸ್ಸಿನಲ್ಲೇ ಎರಡು ಕಳೆಯುವುದು ಅವನಿಗೆ ಉಸಿರಾಟದಷ್ಟೇ ಸಲೀಸು.

ಮೆಟ್ಟಿಲ ಹತ್ತಿರ ಮೇಲ್ಮನೆಯ ನರ್ಸಕ್ಕ ಎದುರಾದರು. ಟೈಲರನ ಮುಖ ನೋಡಿದ ಕೂಡಲೇ ಅವರಿಗೆ ವಿಷಯ ಗೊತ್ತಾಯಿತು. ಹೆಂಡತಿ ಆಗಲೇ ಹೇಳಿದ್ದಳು.

“ತೀರಾ ಚಿಕ್ಕದು ತಗೋಬೇಡಿ ಅಣ್ಣ, ಕಣ್ಣು ಹಾಳಾಗತ್ತೆ. ತೀರಾ ದೊಡ್ಡದೂ ಬೇಡ, ಕತ್ತು ಹಿಡಿಯತ್ತೆ.”

“ಮಧ್ಯದ್ದು ತಗೊಂಡ್ರೆ?”

“ಜೇಬು ಹಾಳಾಗತ್ತೆ. ನಿಮ್ಮಿಷ್ಟ.”

ಟಿವಿ ಅಂಗಡಿಯಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಓಡಿ ಬಂದು ಬಜೆಟ್ ಎಷ್ಟೆಂದು ಕೇಳಿದ. ಟೈಲರ್ ಹೇಳಿದ. ಸೇಲ್ಸ್‌ಮನ್ನನ ನಗು ಗಂಜಿ ಹಾಕದ ಕಾಲರಿನಂತೆ ಬಾಗಿತು. ಗೋಡೆಯಗಲದ ಪರದೆಯೊಂದರಲ್ಲಿ ಹುಲಿಯೊಂದು ನೀರು ಕುಡಿಯುತ್ತಿತ್ತು. ಟೈಲರನ ದುಡ್ಡಿಗೆ ಅದರ ಮೀಸೆಯಷ್ಟು ಸಿಗಬಹುದಿತ್ತು. ಸೇಲ್ಸ್‌ಮನ್ ಅವನನ್ನು ಹುಲಿ ದಾಟಿಸಿ, ಫ್ರಿಜ್ಜುಗಳನ್ನು ದಾಟಿಸಿ, ಕಂಬದ ಹಿಂದೆ ಮಿಕ್ಸಿಗಳ ಪಕ್ಕಕ್ಕೆ ಕರೆದುಕೊಂಡು ಹೋದ.

“ಇದು ಇಪ್ಪತ್ನಾಲ್ಕು ಇಂಚು ಸಾರ್.”

ಟೈಲರ್ ಕೊರಳಲ್ಲಿದ್ದ ಹೊಸ ಟೇಪು ತೆಗೆದು ಅಡ್ಡಕ್ಕೆ ಹಿಡಿದ. “ಇಪ್ಪತ್ತೆರಡೂ ಇಲ್ವಲ್ಲಪ್ಪ.”

“ಟಿವೀನ ಹಾಗೆ ಅಳೆಯಲ್ಲ ಸಾರ್. ಈ ಮೂಲೆಯಿಂದ ಆ ಮೂಲೆಗೆ ಅಳೀತಾರೆ.”

“ನಾನು ನಿನ್ನ ಬಲಭುಜದಿಂದ ಎಡಸೊಂಟಕ್ಕೆ ಅಳೆದು ಶರಟು ಹೊಲಿದ್ರೆ ಹಾಕ್ಕೋತೀಯಾ?”

ಸೇಲ್ಸ್‌ಮನ್ ಟೈ ಸರಿಮಾಡಿಕೊಂಡ. ಟೈಲರ್ ಸಾಲಿನಲ್ಲಿದ್ದ ಟಿವಿಗಳನ್ನೆಲ್ಲ ಅಡ್ಡಕ್ಕೆ, ಉದ್ದಕ್ಕೆ ಅಳೆಯುತ್ತ ಹೋದ. ಒಂದರ ಸೊಂಟಕ್ಕೂ ಟೇಪು ಸುತ್ತಿದ, ಅಭ್ಯಾಸಬಲ. ಕೊನೆಯಲ್ಲಿ ಧೂಳು ಹಿಡಿದು ನಿಂತಿದ್ದ ಇಪ್ಪತ್ತಾರು ಇಂಚಿನದೊಂದು ಅವನ ಕಣ್ಣಿಗೆ ಬಿತ್ತು. ಹಳೇ ಮಾಡೆಲ್ಲು, ಉಳಿದದ್ದು ಅದೊಂದೇ, ಹಾಗಾಗಿ ಬೆಲೆ ಇಳಿದಿತ್ತು. ಅಡ್ಡಗಲ ಇಪ್ಪತ್ತಮೂರೂವರೆ.

ಆಗ ನೆನಪಾಯಿತು, ಟಿವಿ ಇಡಬೇಕಾದ ಗೂಡನ್ನೇ ಅಳೆದು ಬಂದಿಲ್ಲವೆಂದು.

ಟೈಲರನದು ಒಂದೇ ಕೋಣೆಯ ಮನೆ. ಮಂಚ, ಹೊಲಿಗೆ ಮಿಷಿನ್ನು, ಬೀರು, ಒಲೆ ಎಲ್ಲ ಒಂದರ ಭುಜಕ್ಕೊಂದು ತಾಗಿಕೊಂಡು ನಿಂತಿದ್ದವು. ಟಿವಿಗೆಂದು ಖಾಲಿಯಿದ್ದದ್ದು ಕಾಂಕ್ರೀಟ್ ಕಂಬಗಳ ನಡುವಿನ ಗೋಡೆಗೂಡು ಒಂದೇ. ಅವನು ಹೆಂಡತಿಗೆ ಫೋನು ಮಾಡಿದ.

“ಗೂಡಿನ ಅಗಲ ಒಂಚೂರು ಅಳೆದು ಹೇಳ್ತೀಯಾ?”

“ಇರಿ, ಕೈಯೆಲ್ಲ ಸೋಪಾಗಿದೆ…” ಅಷ್ಟರಲ್ಲಿ ಫೋನಿನಲ್ಲಿ ಗಂಡು ದನಿ ಕೇಳಿತು. “ಟೈಲರೇ, ನಾನು. ಪ್ಯಾಂಟು ಆಯ್ತಾ ಕೇಳೋಣ ಅಂತ ಬಂದಿದ್ದೆ. ಟಿವಿ ತಗೋತಿದೀರಂತೆ, ಒಳ್ಳೇದಾಯ್ತು. ನಾನೇ ಅಳೀತೀನಿ ಇರಿ.” ಸ್ವಲ್ಪ ಹೊತ್ತು ಬಿಟ್ಟು, ಕಡತ ಓದುವ ಗಾಂಭೀರ್ಯದಲ್ಲಿ, “ಇಪ್ಪತ್ನಾಲ್ಕು. ಕರಾರುವಾಕ್ಕು,” ಎಂದರು.

ಹಿಂದಿನಿಂದ ಹೆಂಡತಿ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಫೋನು ಕಟ್ಟಾಯಿತು.

ಇಪ್ಪತ್ನಾಲ್ಕರ ಗೂಡಿಗೆ ಇಪ್ಪತ್ತಮೂರೂವರೆಯ ಟಿವಿ. ಹೊಲಿಗೆಗೆಂದು ಬಿಡುವ ಅರ್ಧ ಇಂಚನ್ನೂ ದೇವರೇ ಬಿಟ್ಟಿದ್ದ.

“ಕೊನೇ ಪೀಸು ಸಾರ್. ವಾಪಸ್ ತಗೊಳ್ಳಲ್ಲ, ಬದಲಾಯಿಸಲ್ಲ. ಆಮೇಲೆ ಬೇಜಾರಾಗ್ಬೇಡಿ.”

“ಇಪ್ಪತ್ತು ವರ್ಷದಿಂದ ಹೊಲೀತಿದೀನಿ,” ಎಂದ ಟೈಲರ್. “ಅಳತೆ ತಪ್ಪಿ ನನ್ನ ಹತ್ರ ಏನೂ ವಾಪಸ್ ಬಂದಿಲ್ಲ.”

ಆಟೋಗೆ ಕೊಡಲು ದುಡ್ಡು ಉಳಿಯಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದೇ ಬಂದ. ಅದರಾಚೆಗೆ ದಾರಿ ಕಾಣುತ್ತಿರಲಿಲ್ಲ. ಒಬ್ಬ ಸೈಕಲ್ಲಿನವನ ಬೈಗುಳದಿಂದ ಎಡಕ್ಕೆ, ಒಂದು ನಾಯಿಯ ಬೊಗಳಿನಿಂದ ಬಲಕ್ಕೆ ತಿರುಗುತ್ತ, ಐದು ಗಂಟೆಗೆ ಮನೆ ಮುಟ್ಟಿದ. ಬಾಗಿಲಲ್ಲಿ ನರ್ಸಕ್ಕ, ರಿಮೋಟಪ್ಪ ಇಬ್ಬರೂ ಕಾಯುತ್ತಿದ್ದರು. ಹೆಂಡತಿ ಗೂಡನ್ನು ಒರೆಸಿ, ಒಳಗೊಂದು ಹೂವಿನ ಬಟ್ಟೆ ಹಾಸಿದ್ದಳು. ಬೆಳಗ್ಗಿನಿಂದ ಅವಳು ಒಮ್ಮೆಯೂ ಕೆಮ್ಮಿರಲಿಲ್ಲ, ಸಂಜೆಗೆಂದು ಉಳಿಸಿಟ್ಟುಕೊಂಡವಳಂತೆ.

ಟೈಲರ್ ಟಿವಿಯನ್ನು ಎತ್ತಿ ಗೂಡಿನೊಳಗೆ ತಳ್ಳಿದ. ಟಕ್ ಎಂದಿತು. ಇನ್ನೊಮ್ಮೆ ತಳ್ಳಿದ. ಕಂಬದಿಂದ ಸುಣ್ಣ ಉದುರಿತು.

“ಉಸಿರು ಬಿಗಿಹಿಡಿದು ತಳ್ಳಿ,” ಎಂದರು ನರ್ಸಕ್ಕ.

“ಉಸಿರು ನಾನು ಬಿಗಿಹಿಡಿದ್ರೆ ಅದು ಸಣ್ಣ ಆಗತ್ತೇನಕ್ಕಾ?” ಎನ್ನುತ್ತ ಟೈಲರ್ ಕೊರಳ ಟೇಪು ತೆಗೆದು ಗೂಡನ್ನು ಅಳೆದ. ಇಪ್ಪತ್ತೆರಡು. ತಿರುಗಿ ಮಿಷಿನ್ನಿನತ್ತ ನೋಡಿದ. ತುದಿ ಕತ್ತರಿಸಿದ ಹಳೇ ಟೇಪು ಅಮಾಯಕನಂತೆ ನೇತಾಡುತ್ತಿತ್ತು.

“ಸಾರ್, ನೀವು ಅಳೆದಿದ್ದು ಈ ಟೇಪಲ್ಲೇನು?”

“ಹೌದು.”

“ಅದು ಎರಡರಿಂದ ಶುರುವಾಗತ್ತೆ ಸಾರ್.”

“ಗೊತ್ತಲ್ಲ, ನಿಮ್ಮನೆಯವರೂ ಹೇಳಿದ್ರು. ನಿಮ್ಮ ಟೇಪು, ನೀವೇ ಎರಡು ಕಳೀತೀರಿ ಅಂದ್ಕೊಂಡೆ. ಯಾವಾಗ್ಲೂ ಕಳೀತೀರಲ್ಲ.”

ಟೈಲರ್ ಅಂಗಡಿಗೆ ಫೋನು ಮಾಡಿದ. ಸೇಲ್ಸ್‌ಮನ್ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, “ಅಳತೆ ತಪ್ಪಿ ಏನೂ ವಾಪಸ್ ಬರಲ್ಲ ಅಂದಿದ್ರಲ್ಲ ಸಾರ್,” ಎಂದು ಇಟ್ಟುಬಿಟ್ಟ.

ಆದರೂ ಟೈಲರ್ ಸೋಲೊಪ್ಪಲಿಲ್ಲ. ಏಳೂವರೆಗೆ ಇನ್ನೂ ಎರಡು ಗಂಟೆಯಿತ್ತು. ಟಿವಿಯನ್ನು ಮಿಷಿನ್ನಿನ ಮೇಲಿಟ್ಟ, ನಾಳೆ ಹೊಲಿಯುವುದೆಲ್ಲಿ? ಬೀರುವಿನ ಮೇಲಿಟ್ಟ, ಸೂರಿಗೆ ತಾಗಿತು. ನೆಲದ ಮೇಲಿಟ್ಟ; ಬಾಗಿಲು ತೆಗೆಯಲಾಗದೆ ನರ್ಸಕ್ಕ ಒಳಗೇ ಸಿಕ್ಕಿಕೊಂಡರು. ಕಡೆಗೆ ಟಿವಿಯನ್ನು ಗೂಡಿನಲ್ಲಿ ಲಂಬವಾಗಿ ನಿಲ್ಲಿಸಿದ. ಹಾಗೆ ಸೊಗಸಾಗಿ ಕೂತಿತು. ರಿಮೋಟಪ್ಪ ತಮ್ಮ ಮನೆಯ ಕೇಬಲ್ಲನ್ನು ಕಿಟಕಿಯಿಂದ ಎಳೆದುಕೊಟ್ಟರು. ಹಾಕಿ ನೋಡಿದರೆ ವಾರ್ತೆ ಓದುವವಳು ಅಡ್ಡಡ್ಡ ಮಲಗಿಕೊಂಡು ವಾರ್ತೆ ಓದುತ್ತಿದ್ದಳು. ನಾಲ್ಕೂ ಜನ ಕತ್ತು ವಾಲಿಸಿ ಐದು ನಿಮಿಷ ನೋಡಿದರು.

“ಕತ್ತು ಹಿಡಿಯತ್ತೆ ಅಂತ ನಾನು ಬೆಳಗ್ಗೇನೇ ಹೇಳಿದ್ದೆ,” ಎಂದರು ನರ್ಸಕ್ಕ, ಕತ್ತು ಒತ್ತಿಕೊಳ್ಳುತ್ತ.

“ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಿ ಟೈಲರೇ,” ಎಂದರು ರಿಮೋಟಪ್ಪ. “ನಮ್ಮ ಹಾಲಲ್ಲಿ ಟಿವಿ ಮೇಜು ಖಾಲಿ ಇದೆ. ಅಲ್ಲೇ ಇಡೋಣ.”

“ಖಾಲಿನಾ? ನಿಮ್ಮ ಟಿವಿ?”

“ನಿಮಗೇ ಟಿವಿ ಬರತ್ತಲ್ಲ, ಇನ್ನು ನನಗ್ಯಾಕೆ ಅಂತ ಮಧ್ಯಾಹ್ನಾನೇ ಮಗಳ ಮನೆಗೆ ಕಳಿಸಿಬಿಟ್ಟೆ. ಅವಳು ಎಷ್ಟೋ ದಿನದಿಂದ ಕೇಳ್ತಿದ್ಲು. ಸಂಜೆ ನಿಮ್ಮನೆಗೇ ಬಂದು ನೋಡೋಣ ಅಂತಿದ್ದೆ.”

ಟೈಲರ್ ಹೆಂಡತಿಯ ಮುಖ ನೋಡಿದ. ಅವಳು ಗಡಿಯಾರ ನೋಡುತ್ತಿದ್ದಳು. ಏಳು ಇಪ್ಪತ್ತು.

ಏಳೂವರೆಗೆ ಪಕ್ಕದ ಮನೆಯ ಮೇಜಿನ ಮೇಲೆ ಟೈಲರನ ಟಿವಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಕೆಳಗೆ ಹೂವಿನ ಬಟ್ಟೆ. ಎದುರಿನ ಕುರ್ಚಿಯಲ್ಲಿ ರಿಮೋಟಪ್ಪ, ಅವರ ಕೈಯಲ್ಲಿ ಹೊಸ ರಿಮೋಟು, ಇನ್ನೂ ಪ್ಲಾಸ್ಟಿಕ್ ಬಿಚ್ಚದ್ದು. ಬಾಗಿಲ ಪಕ್ಕದ ಬೆಂಚಿನ ಮೇಲೆ ದಂಪತಿ. ಟೈಲರನ ಮಡಿಲಲ್ಲಿ ಸೊಂಟ ಬಿಚ್ಚಬೇಕಾದ ಪ್ಯಾಂಟು.

ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. ಟೈಲರನ ಹೆಂಡತಿ ಮುಂದಕ್ಕೆ ಬಾಗಿದಳು. ರಿಮೋಟಪ್ಪ ಚಾನೆಲ್ ಬದಲಿಸಿದರು.

“ಅಯ್ಯೋ,” ಎಂದಳು ಅವಳು, ತನಗಷ್ಟೇ ಕೇಳುವಂತೆ.

ಟೈಲರ್ ಎದ್ದು ನಿಂತ. ಬೆಳಗ್ಗಿನಿಂದ ಕೂಡಿಟ್ಟ ಹಟವೆಲ್ಲ ಎದೆಯಿಂದ ಗಂಟಲಿಗೆ ಏರಿತು. ‘ಸಾರ್, ಅದು ನನ್ನ ಟಿವಿ’ ಎನ್ನಲು ಬಾಯಿ ತೆರೆದ. ಹನ್ನೊಂದು ವರ್ಷ ಎದುರಾಡದ ಬಾಯಿಂದ ಹೊರಟ ಮಾತು. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಹೊರಗೆ ಬರುವಾಗ ದೊಡ್ಡದೊಂದು ಕೆಮ್ಮಾಗಿ ಬಂತು.

“ಟೈಲರೇ,” ಎಂದರು ರಿಮೋಟಪ್ಪ, ಪರದೆಯಿಂದ ಕಣ್ಣು ಕದಲಿಸದೆ. “ಕೆಮ್ಮೋದಾದ್ರೆ ಸ್ವಲ್ಪ ಹೊರಗೆ.”

ಟೈಲರ್ ಹೊರಗೆ ಹೋಗಿ ಕೆಮ್ಮಿದ. ಹೊಸ ಟಿವಿಯ ದನಿ ಒಳಗಿದ್ದವರಿಗೆ ಸರಿಯಾಗಿ ಕೇಳಿಸಬೇಕಲ್ಲ.